ಆರರಿಂದ ಏಳರ ನಡುವೆ

ಉದ್ದೀಪನ ಮದ್ದು ತಿಂದು ಓಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ಯಾರೂ ನನ್ನನ್ನು ಅಂಥವರ ಪರ ಅಂದುಕೊಳ್ಳಬಾರದು. ಮೂವತ್ತು ವರ್ಷ ಹೈಸ್ಕೂಲು ಹುಡುಗಿಯರಿಗೆ ಓಟ, ಜಿಗಿತ, ಕೊಕ್ಕೊ ಕಲಿಸಿದವಳು ನಾನು. ಮೊದಲು ದೇವದುರ್ಗದಲ್ಲಿ, ಆಮೇಲೆ ಮಾನ್ವಿಯಲ್ಲಿ. ಒಂದು ದೊಡ್ಡ ಕೂಟದಲ್ಲಿ ಹೆಂಗಸರ ಬಾತ್‌ರೂಮಿನ ಕಿಟಕಿಯಲ್ಲಿ ಬಳಸಿ ಬಿಟ್ಟ ಸಿರಿಂಜುಗಳನ್ನು ಕಣ್ಣಾರೆ ನೋಡಿ, ಅಧಿಕಾರಿಗಳ ಮೇಜು ಬಡಿದು ಕೂಗಾಡಿದ್ದೆ. "ಮೇಡಂ, ಕುಂದರ್ರಿ, ಬಿಪಿ ಏರ್ತದ" ಎಂದರು. ಏರಲಿ ಬಿಡ್ರಿ, ನನ್ನ ಬಿಪಿ ನನ್ನದು ಎಂದೆ. ಸಿರಿಂಜು ಯಾರದೆಂದು ಆ ದಿನ ಯಾರೂ ಕೇಳಲಿಲ್ಲ.

ಆ ಕೂಟಕ್ಕೆ ನಾನು ಕರೆದುಕೊಂಡು ಹೋಗಿದ್ದವಳು ಜಾಲಹಳ್ಳಿಯ ಹುಡುಗಿ. ದೇವದುರ್ಗದ ಶಾಲೆಗೆ ಎಂಟನೆಯ ತರಗತಿಗೆ ಸೇರಿದಾಗ ಮೈದಾನಕ್ಕೆ ಐದು ಸುತ್ತು ಹೊಡೆದು ಬಂದು, ಏದುಸಿರಿಲ್ಲದೆ, "ಸಾಕೇನ್ರಿ ಟೀಚರ್?" ಎಂದು ಕೇಳಿದ್ದಳು. ಅವತ್ತಿನಿಂದ ನಾನು ಅವಳನ್ನು ಬಿಡಲಿಲ್ಲ. ಅಪ್ಪ ಅವಳು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದ. ಅವ್ವ ಮೆಣಸಿನಕಾಯಿ ಹೊಲಕ್ಕೆ, ಹತ್ತಿ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಮಗಳು ಓಡುವುದು ಯಾಕೆ, ಎಲ್ಲಿಗೆ ಎಂಬುದು ಆಕೆಗೆ ಕೊನೆಗೂ ಅರ್ಥವಾಗಲಿಲ್ಲ. ಆದರೆ ಒಂದು ದಿನವೂ ಬೇಡ ಎನ್ನಲಿಲ್ಲ. "ನೀವ್ ಅದೀರಲ್ರೀ ಟೀಚರ್, ಆಕಿ ನಿಮ್ಮ ಮಗಳು" ಎಂದುಬಿಡುತ್ತಿದ್ದಳು. ಹುಡುಗಿ ಕಾಲೇಜಿಗೆಂದು ರಾಯಚೂರಿನ ಹಾಸ್ಟೆಲ್ಲಿಗೆ ಬಂದ ಮೇಲೆ ಐದು ಸಾವಿರ ಮೀಟರ್ ಓಟದಲ್ಲಿ ರಾಜ್ಯ ದಾಟಿ ಹೆಸರು ಮಾಡಿದಳು.

ದೇಶಮಟ್ಟದ ಕೂಟವೊಂದರಲ್ಲಿ ಅವಳು ನಾಲ್ಕನೆಯವಳಾದಳು. ನಾಲ್ಕನೆಯ ಸ್ಥಾನಕ್ಕೆ ಏನಿದೆ, ಒಂದು ಬಿಸ್ಕತ್ತಿನ ಪೊಟ್ಟಣವೂ ಇಲ್ಲ. ಕೆಲವು ತಿಂಗಳ ಮೇಲೆ ಹಾಸ್ಟೆಲ್ಲಿಗೆ ಕೊರಿಯರಿನಲ್ಲಿ ಒಂದು ಡಬ್ಬಿ ಬಂತು. ಒಳಗೆ ಕಂಚಿನ ಮೆಡಲು. ಮುಂದಿದ್ದ ಮೂವರಲ್ಲಿ ಒಬ್ಬಾಕೆ ಡೋಪ್ ಟೆಸ್ಟಿನಲ್ಲಿ ಸಿಕ್ಕಿಬಿದ್ದಿದ್ದಳು. ಕೊರಳಿಗೆ ಹಾಕಲು ಯಾರೂ ಇಲ್ಲವೆಂದು ಹಾಸ್ಟೆಲ್ಲಿನ ಅಡುಗೆಯಾಕೆ ರೊಟ್ಟಿ ಹಿಟ್ಟಿನ ಕೈ ಒರೆಸಿಕೊಂಡು ಬಂದು ಹಾಕಿದಳಂತೆ. ಆ ದಿನ ನಾನು ಮಾನ್ವಿಯಲ್ಲಿ ನಮ್ಮ ಸ್ಟಾಫ್ ರೂಮಿನವರಿಗೆಲ್ಲ ಮಿರ್ಚಿ ಭಜಿ ತಿನ್ನಿಸಿದೆ. ನಿಯಮ ಅಂದರೆ ಹೀಗಿರಬೇಕು, ಕಳ್ಳರ ಕುತ್ತಿಗೆ ಹಿಡಿಯಬೇಕು ಎಂದು ಬಾಯಿ ನೋಯುವಷ್ಟು ಮಾತಾಡಿದೆ.

ಮೆಡಲಿನ ಬೆನ್ನಿಗೇ ಇನ್ನೊಂದು ಕಾಗದ ಬಂತು. ಹುಡುಗಿಯ ಹೆಸರು ಪರೀಕ್ಷೆಯ ಪಟ್ಟಿಗೆ ಸೇರಿತ್ತು. ಕೂಟದ ದಿನ ಮಾತ್ರ ಪರೀಕ್ಷಿಸಿದರೆ ಸಾಲದು. ಕಳ್ಳರು ಮದ್ದನ್ನು ತಿಂಗಳುಗಟ್ಟಲೆ ಮೊದಲೇ ತಿಂದು ಕೂಟದ ಹೊತ್ತಿಗೆ ಮೈಯಿಂದ ಇಳಿಸಿಕೊಂಡಿರುತ್ತಾರೆ. ಅದಕ್ಕೇ ಪಟ್ಟಿಯಲ್ಲಿರುವವರು ದಿನಕ್ಕೆ ಒಂದು ಗಂಟೆ ತಾವು ಎಲ್ಲಿರುತ್ತೇವೆಂದು ಮುಂಚೆಯೇ ಮೊಬೈಲಿನಲ್ಲಿ ತುಂಬಬೇಕು. ಆ ಗಂಟೆಯಲ್ಲಿ ಪರೀಕ್ಷೆಯವರು ಹೇಳದೆ ಕೇಳದೆ ಬರಬಹುದು. ಬಂದಾಗ ಸಿಗದಿದ್ದರೆ ಒಂದು ತಪ್ಪು. ಹನ್ನೆರಡು ತಿಂಗಳಲ್ಲಿ ಮೂರು ತಪ್ಪಾದರೆ ನಿಷೇಧ. ನಾವು ಬೆಳಿಗ್ಗೆ ಆರರಿಂದ ಏಳು ಎಂದು ಕೊಟ್ಟೆವು. ಎಲ್ಲಿದ್ದರೂ ಆ ಹೊತ್ತಿಗೆ ಅವಳು ಓಡಿ ಬಂದು ಕಾಲು ತೊಳೆಯುತ್ತಿರುತ್ತಿದ್ದಳು. ಫಾರ್ಮು ಇಂಗ್ಲಿಷಿನಲ್ಲಿದ್ದದ್ದರಿಂದ ತುಂಬುವ ಕೆಲಸ ನಾನು ಹೊತ್ತುಕೊಂಡೆ. "ನೀ ಓಡು, ಇದನ್ನ ನಾ ನೋಡ್ಕೊಂತೀನಿ" ಎಂದಿದ್ದೆ.

ಪರೀಕ್ಷೆಯವರು ಮೊದಲ ಸಲ ಬಂದದ್ದು ಜಾಲಹಳ್ಳಿಗೇ, ಹುಡುಗಿ ಯುಗಾದಿ ರಜೆಗೆ ಊರಲ್ಲಿದ್ದಾಗ. ಬೆಳಿಗ್ಗೆ ಆರೂವರೆಗೆ ಬಿಳಿ ಕಾರು ಓಣಿಯೊಳಗೆ ಬಂತು. ಇಳಿದವರು ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರ ಕೊರಳಲ್ಲೂ ಗುರುತಿನ ಚೀಟಿ. ಉಚ್ಚೆ ಬೇಕು ಎಂದರು. ಹುಡುಗಿಗೆ ಬರಲೊಲ್ಲದು. ಕಟ್ಟೆಯ ಮೇಲೆ ಕುಳಿತು ತಂಬಿಗೆ ಮೇಲೆ ತಂಬಿಗೆ ನೀರು ಕುಡಿದಳು. ಅವರ ಮನೆಗೆ ಪಾಯಿಖಾನೆ ಇರಲಿಲ್ಲ. ಎದುರು ಮನೆಯದಕ್ಕೆ ಕರೆದುಕೊಂಡು ಹೋದರು. ಬಂದ ಹೆಂಗಸು ತಾನೂ ಒಳಗೆ ಹೋಗಿ ನಿಂತಳು, ನಿಲ್ಲಲೇಬೇಕೆಂಬುದು ನಿಯಮ. ಇಲ್ಲದಿದ್ದರೆ ಬೇರೆಯವರ ಉಚ್ಚೆ ತಂದು ಸುರಿಯುವ ಮಹಾತ್ಮರಿದ್ದಾರೆ. ಇಷ್ಟೆಲ್ಲ ನಡೆಯುವಾಗ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರು ಪಿಳಿಪಿಳಿ ನೋಡುತ್ತಿದ್ದರು.

ಈಗ ಹೇಳಿ, ನಮ್ಮ ಕಡೆ ಹೆಣ್ಣುಮಗಳ ಉಚ್ಚೆ ಪರೀಕ್ಷೆ ಮಾಡಿದರು ಅಂದರೆ ಜನ ಏನು ತಿಳಿಯುತ್ತಾರೆ? ಒಂದೇ ಒಂದು ವಿಷಯ. ಬಸುರಿಯೋ ಅಲ್ಲವೋ ಎಂದು ನೋಡುವುದಕ್ಕೇ ಅದನ್ನು ಮಾಡುವುದು. ಮಧ್ಯಾಹ್ನದ ಹೊತ್ತಿಗೆ ಹೊಲದ ತುಂಬ ಸುದ್ದಿ: ಮದುವೆ ಇಲ್ಲದ ಹುಡುಗಿ, ರಾಯಚೂರಲ್ಲಿ ಹಾಸ್ಟೆಲ್ಲಿನಲ್ಲಿ ಇರುವವಳು, ದೊಡ್ಡ ಡಾಕ್ಟರ್ ಕಾರು ಮಾಡಿಕೊಂಡು ಮನೆತನಕ ಬಂದು ನೋಡಿ ಹೋದರು. ಎರಡು ದಿನಕ್ಕೆ ಸುದ್ದಿ ಅವ್ವನ ತವರೂರು ಕುರ್ಡಿಗೆ ಮುಟ್ಟಿತು. ಅಲ್ಲಿಂದ ಹುಡುಗಿಯ ಸೋದರಮಾವ ಬಂದ. ಏನೂ ಕೇಳಲಿಲ್ಲ. ತಂಗಿ ಮಾಡಿಟ್ಟ ಚಹಾ ಮುಟ್ಟದೆ ಸ್ವಲ್ಪ ಹೊತ್ತು ಕುಳಿತು ಎದ್ದು ಹೋದ. ಬೈದಿದ್ದರೆ ಅವ್ವ ತಿರುಗಿ ಬೈಯುತ್ತಿದ್ದಳು, ಬಾಯಲ್ಲಿ ಆಕೆಯೇನೂ ಕಡಿಮೆಯಲ್ಲ. ಸುಮ್ಮನೆ ಎದ್ದು ಹೋದದ್ದೇ ಆಕೆಗೆ ತಡೆಯಲಾಗಲಿಲ್ಲ.

ಅಳುತ್ತಾ ನನಗೆ ಫೋನು ಮಾಡಿದಳು. "ಟೀಚರ್ರೀ, ನೀವರ ಬಂದು ಒಂದ್ ಮಾತು ಹೇಳ್ರಿ. ನನ್ನ ಮಾತು ಯಾರೂ ನಂಬವಲ್ರು."

ನಾನು ಏನು ಮಾಡಿದೆ? ನಕ್ಕೆ. ಹೌದು, ನಕ್ಕುಬಿಟ್ಟೆ. "ಹುಚ್ಚ ಮಂದಿ ಅದಾರ, ಒಂಬತ್ತು ತಿಂಗಳಾದ್ರ ಅವ್ರಿಗೇ ತಿಳೀತದ, ಬಿಡವ್ವಾ" ಎಂದು ದೊಡ್ಡ ತಮಾಷೆ ಮಾಡಿದೆ. ಮಾನ್ವಿಯಿಂದ ದೇವದುರ್ಗ, ಅಲ್ಲಿಂದ ಜಾಲಹಳ್ಳಿ. ಬಸ್ಸು ಹತ್ತಿದ್ದರೆ ಅರ್ಧ ದಿನದ ಕೆಲಸ. ನಮ್ಮ ಶಾಲೆಯ ತಾಲೂಕು ಮಟ್ಟದ ಆಟಗಳಿದ್ದವು, ಹೋಗಲಿಲ್ಲ.

ಆಮೇಲಿನ ಮೊದಲೆರಡು ತಪ್ಪುಗಳು ಆ ತಾಯಿಯವಲ್ಲ. ಒಂದು ನೂರಕ್ಕೆ ನೂರು ನನ್ನದು. ಹುಡುಗಿಯನ್ನು ನಮ್ಮ ಮಾನ್ವಿಯ ಹುಡುಗಿಯರಿಗೆ ಓಟ ತೋರಿಸಲು ಎರಡು ದಿನ ಕರೆಸಿಕೊಂಡಿದ್ದೆ. ವಿಳಾಸ ಬದಲಿಸುವುದನ್ನು ಮರೆತೆ. ಅವರು ಹಾಸ್ಟೆಲ್ಲಿಗೆ ಹೋಗಿ, ಇಲ್ಲವೆಂದು ಬರೆದುಕೊಂಡು ಹೋದರು. ಎರಡನೆಯ ಸಲ ಅವಳು ಊರಿಗೆ ಹೋಗುವಾಗ ತಾನೇ ತುಂಬಿದಳು, ನೆಟ್‌ವರ್ಕ್ ಸಿಗದೆ ಅದು ಹೋಗಲೇ ಇಲ್ಲ. ಮೂರನೆಯದು ಬಾಕಿ. ನಾನು ಹಗಲೂ ರಾತ್ರಿ ಫೋನು ಮಾಡಿ, ಎಲ್ಲಿದ್ದೀ, ತುಂಬಿದ್ದೀಯಾ ಎಂದು ಅವಳ ತಲೆ ತಿನ್ನತೊಡಗಿದೆ. ಅಷ್ಟರಲ್ಲಿ ರಾಷ್ಟ್ರೀಯ ಶಿಬಿರಕ್ಕೆ ಕರೆ ಬಂತು. ಇಪ್ಪತ್ತೆರಡನೆಯ ವಯಸ್ಸಿಗೆ ಅಂಥ ಕರೆ ನಮ್ಮ ಕಡೆಯ ಹುಡುಗಿಗೆ ಬಂದದ್ದನ್ನು ನಾನಂತೂ ನೋಡಿಲ್ಲ. ಹೋಗುವ ಮುಂಚೆ ಅವ್ವನನ್ನು ನೋಡಿ ಬರುತ್ತೇನೆಂದು ಹೊರಟಳು. ವಿಳಾಸ ಸರಿಯಾಗಿ ತುಂಬಿದೆವು, ಎರಡೆರಡು ಸಲ ನೋಡಿದೆವು.

ಮೂರನೆಯ ದಿನ ಬೆಳಿಗ್ಗೆ ಅವ್ವ ನೀರು ಹೊತ್ತು ಬರುವಾಗ ಬಸ್‌ಸ್ಟ್ಯಾಂಡಿನ ಕಡೆಯಿಂದ ಅದೇ ಬಿಳಿ ಕಾರು ತಿರುಗುವುದನ್ನು ಕಂಡಳು. ಕೊಡ ಅಲ್ಲೇ ಇಳಿಸಿ ಓಡಿಬಂದಳು. ಮಗಳು ಒಳಗೆ ಕೂದಲು ಬಾಚಿಕೊಳ್ಳುತ್ತಿದ್ದಳು. ಕದ ಎಳೆದು, ಹೊರಗಿನಿಂದ ಬೀಗ ಜಡಿದು, ಮೆಣಸಿನಕಾಯಿ ತುಂಬಿದ ಮೊರ ಎದುರಿಗಿಟ್ಟುಕೊಂಡು ತೊಟ್ಟು ಬಿಡಿಸುತ್ತಾ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಅದೇ ಇಬ್ಬರು ಬಂದು ಕೇಳಿದರು.

"ಮನ್ಯಾಗ ಇಲ್ರಿ. ರಾಯಚೂರಿಗಿ ಹೋಗ್ಯಾಳ."

ಅವರು ಕೂಡಲೇ ಹೋಗುವ ಹಾಗಿಲ್ಲ. ಏಳರವರೆಗೂ ಕಾಯಬೇಕು. ಕಾರಿನ ಬಾಗಿಲು ತೆರೆದಿಟ್ಟು ಕುಳಿತರು. ಒಂದಿಬ್ಬರು ನೆರೆಯವರನ್ನು ಕೇಳಿದರು. ಬೀಗ ಕಾಣುತ್ತಿತ್ತು, ಅವರೂ ಗೊತ್ತಿಲ್ಲವೆಂದರು. ಏಳಕ್ಕೆ ಬೀಗದ ಫೋಟೋ ಹೊಡೆದುಕೊಂಡು ಹೋದರು. ಮೂರನೆಯ ತಪ್ಪು.

ನನಗೆ ಗೊತ್ತಾದ ಕೂಡಲೇ ಅವ್ವನಿಗೆ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದೆ. "ಮಗಳ ಅನ್ನಕ್ಕ ಮಣ್ಣು ಹಾಕೀದಲ್ಲ ಬೇ!" ಎಂದೆ. ಮರುದಿನ ಹುಡುಗಿಯನ್ನು ಕರೆದುಕೊಂಡು ರಾಯಚೂರಿನಲ್ಲಿ ಒಬ್ಬ ವಕೀಲರ ಹತ್ತಿರ ಹೋದೆ. ಕೋರ್ಟಿನಲ್ಲಿ ಹೊಲದ ತಕರಾರು ನಡೆಸುವ ಮನುಷ್ಯ. ಆದರೂ ನಿಯಮದ ಪುಸ್ತಕ ತರಿಸಿ, ಎರಡು ದಿನ ಕುಳಿತು ಓದಿ, ಬಿಡಿಸಿ ಹೇಳಿದರು.

"ನೋಡ್ರಿ ಮೇಡಂ, ಮೂರು ದಾರಿ ಅದಾವ. ಏನೂ ಹೇಳ್ಲಿಲ್ಲ ಅಂದ್ರ ಮೂರು ತಪ್ಪಾತು, ಎರಡು ವರ್ಷ ನಿಷೇಧ. ಹುಡುಗಿ ಒಳಗ ಮಲಗಿದ್ಳು, ಆಕಿಗಿ ಏನೂ ಗೊತ್ತಿದ್ದಿಲ್ಲ, ತಾಯಿ ತಿಳೀಲಾರದ ಹೇಳ್ಯಾಳ ಅಂತ ಅವರು ಒಪ್ಪಿದ್ರ ಮೂರನೇ ತಪ್ಪು ಬಿಟ್ಟುಹೋಗ್ಬಹುದು. ಶಿಬಿರಕ್ಕ ಹೋಗ್ಬಹುದು."

"ಮೂರನೇ ದಾರಿ?"

"ಎಚ್ಚರಿದ್ದು ಸುಮ್ನ ಕುಂತಿದ್ಳು ಅಂತ ಆದ್ರ, ಅದು ತಪ್ಪಿಸಿಕೊಂಡಂಗ. ಅದಕ್ಕ ನಾಲ್ಕು ವರ್ಷ."

ಹುಡುಗಿ ನೆಲ ನೋಡುತ್ತಿದ್ದಳು. ನಾನು ಅವಳನ್ನು ಕೇಳಬೇಕಾಗಿತ್ತು. ಕೇಳಲಿಲ್ಲ. "ಮಲಗಿದ್ಳು, ಬರೀರಿ" ಎಂದೆ. ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದವರು ಹಗಲು ಹತ್ತರವರೆಗೂ ಮಲಗುವುದಿಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಅವಳು ಊರಿಗೆ ಬಂದು ಆಗಲೇ ಮೂರು ದಿನವಾಗಿತ್ತು. ಕಾಗದಕ್ಕೆ ಸಾಕ್ಷಿಯೆಂದು ನನ್ನ ಸಹಿ ಹಾಕಿದೆ. ಕಳ್ಳರನ್ನು ಕಂಡರೆ ಮೇಜು ಬಡಿಯುವವಳ ಸಹಿ ಅದು. ನಾಚಿಕೆಯಾಗುತ್ತದೆ.

ವಿಚಾರಣೆ ನಡೆದದ್ದು ವಕೀಲರ ಆಫೀಸಿನ ಕಂಪ್ಯೂಟರಿನಲ್ಲಿ. ಪರದೆಯ ಮೇಲೆ ದೂರದ ಊರಿನ ಮೂವರು, ಅವರ ಜೊತೆ ನಮ್ಮ ಮಾತನ್ನು ಅವರಿಗೆ ಹೇಳಲು ಕನ್ನಡ ಬಲ್ಲ ಒಬ್ಬಾಕೆ. ಅವ್ವ ಪೆಟ್ಟಿಗೆಯಲ್ಲಿಟ್ಟಿದ್ದ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಏನು ಹೇಳಬೇಕೆಂದು ನಾನೇ ಬಸ್ಸಿನಲ್ಲಿ ಕಲಿಸಿದ್ದೆ. ಅವರು ಕೇಳಿದರು, ಆಕೆ ಹೇಳಿದಳು: ಜನ ಆಡಿಕೊಂಡದ್ದು, ಅಣ್ಣ ಚಹಾ ಕುಡಿಯದೆ ಹೋದದ್ದು, ತಾನು ಬೀಗ ಹಾಕಿದ್ದು. ಪರದೆಯ ಮೇಲಿನ ಮೂವರಲ್ಲಿ ಒಬ್ಬಾಕೆ, ವಯಸ್ಸಾದವಳು, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. ನನಗೆ ಜೀವ ಬಂದಂತಾಯಿತು. ಆಗ ಕೇಳಿದರು: ನಿಮ್ಮ ಮಗಳು ಏನು ಮಾಡುತ್ತಿದ್ದಳು?

"ಮಲಗಿದ್ಳ್ರೀ."

"ಇಲ್ರಿ" ಎಂದಳು ಹುಡುಗಿ.

ವಕೀಲರು ಅವಳ ತೋಳು ಹಿಡಿದರು. ಅವಳು ಕೊಸರಿಕೊಳ್ಳಲೂ ಇಲ್ಲ, ದನಿ ಏರಿಸಲೂ ಇಲ್ಲ.

"ಎಚ್ಚರಿದ್ದೆರಿ. ಕಾರು ಬಂದದ್ದು ಕೇಳಿಸ್ತು. ನನ್ನ ಹೆಸರು ಹಿಡಿದು ಕೇಳಿದ್ದು ಕೇಳಿಸ್ತು. ಅವ್ವ ಕದದ ಸಂದಿಯಾಗ ಬಾಯಿಟ್ಟು, ನನ್ನ ಮಾನ ಉಳಸವ್ವಾ, ಸುಮ್ಕಿರು ಅಂದ್ಳು. ಒಂದು ಮಾತು ಕೂಗಿದ್ರ ಸಾಕಿತ್ತು. ಕೂಗ್ಲಿಲ್ರಿ. ಏಳರ ತನಕ ಕುಂತೆ."

ಆ ಮೂವರು ನನ್ನ ಸಹಿಯ ಬಗ್ಗೆ ಕೇಳಿದರು. ನನಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳಲೂ ಇಲ್ಲ ಎಂದೆ. ಆ ದಿನ ನಾನು ಆಡಿದ ಒಂದೇ ನೇರವಾದ ಮಾತು ಅದು.

ಹೊರಗೆ ಬಂದ ಮೇಲೆ ಬೀದಿ ಅಂತಲೂ ನೋಡದೆ ಹುಡುಗಿಯ ಮೇಲೆ ಹರಿಹಾಯ್ದೆ. "ಬುದ್ಧಿ ಅದ ಏನ್ ನಿನಗ? ಇನ್ನೊಂದ್ ಐದು ನಿಮಿಷ ಬಾಯಿ ಮುಚ್ಕೊಂಡು ಕುಂತಿದ್ರ ಶಿಬಿರಕ್ಕ ಹೋಗ್ತಿದ್ದಿ! ನೀ ಏನರ ತಿಂದೀ ಏನು? ಹನಿ ಮದ್ದು ಮುಟ್ಟಿಲ್ಲ ನೀ!"

"ಮುಟ್ಟಿಲ್ರಿ."

"ಮತ್ತ?"

"ಟೀಚರ್, ಆ ಮೆಡಲ್ ನನಗ ಹ್ಯಾಂಗ ಬಂತು? ಒಬ್ಬಾಕಿ ಸಿಕ್ಕಿಬಿದ್ಲು ಅಂತ ಬಂತು. ಆಕಿಗೂ ಅವ್ವ ಇರ್ತಾಳಲ್ರಿ. ಆಕಿನೂ ಏನೋ ಹೇಳಿರ್ತಾಳ, ಕೆಮ್ಮಿನ ಔಷಧ ಅಂತನೋ, ಯಾರೋ ಕೊಟ್ರು ಅಂತನೋ. ಯಾರೂ ಕೇಳಿಲ್ಲ. ಕೇಳಿದ್ರ ನನಗ ಮೆಡಲ್ ಬರ್ತಿದ್ದಿಲ್ಲ. ಆಕಿ ಮಾತು ನಂಬಬಾರ್ದು, ನನ್ನ ಸುಳ್ಳು ನಂಬ್ಬೇಕು ಅಂದ್ರ ಹ್ಯಾಂಗ್ರಿ?"

ಅವ್ವ ಬಸ್ ಹೊರಡುತ್ತದೆಂದು ಸೆರಗು ಸುತ್ತಿಕೊಂಡು ನಡೆದುಬಿಟ್ಟಿದ್ದಳು. ನಾವೂ ಹಿಂದೆ ಹೋದೆವು.

ನಾಲ್ಕು ವರ್ಷದಲ್ಲಿ ತಾನಾಗಿ ಒಪ್ಪಿಕೊಂಡದ್ದಕ್ಕೆ ಒಂದು ವರ್ಷ ಕಳೆದು ಮೂರು ವರ್ಷ ಹಾಕಿದರು. ಮೂರು ವರ್ಷ ಯಾವ ಕೂಟದಲ್ಲೂ ಓಡುವಂತಿಲ್ಲ, ತಂಡದ ಜೊತೆ ಅಭ್ಯಾಸವೂ ಇಲ್ಲ. ಶಿಬಿರದ ಜಾಗ ಬೇರೆಯವಳಿಗೆ ಹೋಯಿತು. ಮದ್ದು ತಿಂದವಳಿಗೂ ತಿನ್ನದವಳಿಗೂ ಒಂದೇ ಶಿಕ್ಷೆಯಾದರೆ ಅದು ನ್ಯಾಯವೇ ಎಂದು ನಾನು ಎಷ್ಟೋ ದಿನ ಮನೆಯವರ ತಲೆ ಕೆಡಿಸಿದೆ. ನಿಯಮ ಮಾಡಿದವರು ಜಾಲಹಳ್ಳಿ ನೋಡಿದ್ದಾರೆಯೇ, ಪಾಯಿಖಾನೆ ಇಲ್ಲದ ಮನೆ ನೋಡಿದ್ದಾರೆಯೇ ಎಂದು ಕೇಳಿದೆ. ಆದರೆ ನಿಯಮ ಸಡಿಲ ಮಾಡಿ ನೋಡಿ, ಮೊದಲು ನುಗ್ಗುವುದು ಆ ಕಿಟಕಿಯಲ್ಲಿ ಸಿರಿಂಜು ಬಿಟ್ಟವರು. ಎಲ್ಲರ ಮನೆಗೂ ಹೊರಗಿನಿಂದ ಬೀಗ ಬೀಳುತ್ತದೆ, ಎಲ್ಲರಿಗೂ ಒಬ್ಬ ಅಳುವ ಅವ್ವ ಸಿಗುತ್ತಾಳೆ. ಇದಕ್ಕೆ ಏನು ಮಾಡಬೇಕೆಂದು ನನಗೆ ಈಗಲೂ ತಿಳಿಯದು. ಒಂದು ಮಾತ್ರ ಗೊತ್ತು. ನಿಯಮ ಮಾಡಿದವರಿಗೆ ಜಾಲಹಳ್ಳಿ ಗೊತ್ತಿರಲಿಲ್ಲ, ಜಾಲಹಳ್ಳಿಗೆ ನಿಯಮ ಗೊತ್ತಿರಲಿಲ್ಲ. ಎರಡೂ ಗೊತ್ತಿದ್ದವಳು ನಾನೊಬ್ಬಳೇ.

ಶಿಕ್ಷೆಯ ಸುದ್ದಿ ಪೇಪರಿನಲ್ಲಿ ಬಂದ ದಿನ ಅವ್ವನ ಫೋನು ಬಂತು. "ಟೀಚರ್ರೀ, ಪೇಪರ್ನ್ಯಾಗ ಬಂದದಂತಲ್ರಿ. ತಗೊಂಡು ಬರ್ರಿ." ಬೈಯಲು ಕರೆಯುತ್ತಿದ್ದಾಳೆ, ಬೈಯಿಸಿಕೊಂಡು ಬರೋಣವೆಂದು ಮೊದಲ ಬಸ್ಸಿಗೇ ಹೊರಟೆ. ಹೋಗಿ ನೋಡಿದರೆ ಅವರ ಕಟ್ಟೆಯ ಮುಂದೆ ಓಣಿಯ ಹೆಂಗಸರೆಲ್ಲ ಸೇರಿದ್ದಾರೆ. ಅವ್ವ ನನಗೆ ಚಾಪೆ ಹಾಸಿದಳು. "ಓದ್ರಿ. ಎಲ್ಲಾರಿಗೂ ಕೇಳುವಂಗ ಓದ್ರಿ" ಎಂದಳು.

ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ನಾನು ಅವಳ ಮುಖ ನೋಡಿದೆ. ಓದ್ರಿ ಎನ್ನುವಂತೆ ತಲೆಯಾಡಿಸಿದಳು.

ಓದಿದೆ. ಉದ್ದೀಪನ ಮದ್ದಿನ ಪರೀಕ್ಷೆಯಿಂದ ತಪ್ಪಿಸಿಕೊಂಡ ಆರೋಪ ಸಾಬೀತು, ರಾಯಚೂರು ಜಿಲ್ಲೆಯ ಓಟಗಾರ್ತಿಗೆ ಮೂರು ವರ್ಷ ನಿಷೇಧ. ಒಬ್ಬ ಹೆಂಗಸು, ಅಂದರೇನು ಎಂದಳು. ಬಿಡಿಸಿ ಹೇಳಿದೆ: ಓಡುವವರು ಕಳ್ಳತನದಿಂದ ಔಷಧ ತಿನ್ನುತ್ತಾರೆ, ತಿಂದರೆ ಉಚ್ಚೆಯಲ್ಲಿ ಗೊತ್ತಾಗುತ್ತದೆ, ಅದನ್ನು ನೋಡಲು ಸರಕಾರದಿಂದ ಮನೆಮನೆಗೆ ಬರುತ್ತಾರೆ, ದೊಡ್ಡ ಓಟಗಾರರ ಮನೆಗೆ ಮಾತ್ರ ಬರುತ್ತಾರೆ. ಹತ್ತು ನಿಮಿಷವೂ ಹಿಡಿಯಲಿಲ್ಲ.

"ಬಸ್ರಿ ನೋಡಾಕಲ್ಲೇನ್ರಿ ಮತ್ತ?"

"ಅಲ್ಲವ್ವಾ."

"ನೋಡ್ರಿ!" ಎಂದು ಅವ್ವ ಪೇಪರು ಕಿತ್ತುಕೊಂಡು, ತಲೆಕೆಳಗಾಗಿ ಹಿಡಿದು ಎಲ್ಲರ ಮುಖದ ಮುಂದೂ ಆಡಿಸಿದಳು. "ಸರಕಾರನ ಬರದದ! ನನ್ನ ಮಗಳ ಮ್ಯಾಲ ಎಂಥಾ ಮಾತಾಡಿದ್ರಿ ನೀವು!" ಅಳುತ್ತಿದ್ದಳು, ನಗುತ್ತಿದ್ದಳು. ಹಿರಿಯ ಹೆಂಗಸೊಬ್ಬಳು ಬಂದು ಆಕೆಯ ಕೈ ಹಿಡಿದು, ತಪ್ಪಾತು ಬೇ ಎಂದಳು. ಮಗಳ ಹೆಸರಿಗೆ ಮಸಿ ಬಳಿದ ಆ ಪೇಪರನ್ನು ಆಕೆ ಮಡಿಚಿ ಎದೆಯಲ್ಲಿ ಇಟ್ಟುಕೊಂಡಳು, ಅಣ್ಣನಿಗೆ ತೋರಿಸಲು ಅವತ್ತೇ ಕುರ್ಡಿಗೆ ಹೊರಟಳು.

ಹೆಂಗಸರು ಎದ್ದು ಹೋಗುವಾಗ ಎದುರು ಮನೆಯವಳು ನನ್ನ ಹತ್ತಿರ ನಿಂತಳು. ಮೊದಲ ಸಲ ಪಾಯಿಖಾನೆ ಬಿಟ್ಟುಕೊಟ್ಟವಳು ಅವಳೇ. ಸಿಟ್ಟಿಲ್ಲದೆ, ತಿಳಿದುಕೊಳ್ಳಲೆಂದೇ ಕೇಳಿದಳು.

"ಇಷ್ಟ ಮಾತು ಏನ್ರೀ ಟೀಚರ್? ಇದನ್ನ ಹ್ವಾದ ವರ್ಷ ಬಂದು ಹೇಳಬಾರ್ದಿತ್ತೇನ್ರಿ?"

ಹುಡುಗಿ ಬಾಗಿಲಿನಿಂದ ಇದನ್ನು ಕೇಳಿಸಿಕೊಂಡಳು. ನನ್ನನ್ನು ಒಂದು ಗಳಿಗೆ ನೋಡಿ, ನನಗೆ ಚಹಾ ಮಾಡಲು ಒಳಗೆ ಹೋದಳು.